ಹಟ್ಟಿ ಗಣಿಯಿಂದ ಮಸ್ಕಿಯ ಕರೆಂಟ್ ಬಿಲ್‌ವರೆಗೆ: ಪಿಂಚಣಿಯ ಲೆಕ್ಕ ಓದುವ ಬಗೆ

ಮಸ್ಕಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು ವಿದ್ಯುತ್ ಪೂರೈಸುವ ಜೆಸ್ಕಾಂನ ಬಿಲ್ ಕೈಗೆ ಬಂದಾಗ ಮೊದಲು ನೋಡುವುದು ಕೊನೆಯ ಸಾಲಿನ ಒಟ್ಟು ಮೊತ್ತವನ್ನು. 2025ರ ಏಪ್ರಿಲ್‌ನಿಂದ ಆ ಸಾಲಿನ ಮೇಲೆ ಹೊಸದೊಂದು ಬಾಬತ್ತು ಸೇರಿಕೊಂಡಿದೆ. ಪಿ ಅಂಡ್ ಜಿ ಸರ್‌ಚಾರ್ಜ್ ಎಂದು ಅದರ ಹೆಸರು. ಪಿ ಎಂದರೆ ಪೆನ್ಷನ್, ಜಿ ಎಂದರೆ ಗ್ರಾಚ್ಯುಟಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಮಾರ್ಚ್‌ನಲ್ಲಿ ಕೊಟ್ಟ ಆದೇಶದ ಪ್ರಕಾರ 2025-26ರಲ್ಲಿ ಯೂನಿಟ್‌ಗೆ 36 ಪೈಸೆ, 2026-27ರಲ್ಲಿ 35 ಪೈಸೆ, 2027-28ರಲ್ಲಿ 34 ಪೈಸೆ. ತಿಂಗಳಿಗೆ ಸಾವಿರ ಯೂನಿಟ್ ಉರಿಸುವ ಗಿರಣಿಗೆ ಮೊದಲ ವರ್ಷ ತಿಂಗಳಿಗೆ 360 ರೂಪಾಯಿ ಹೊರೆ. ಸಿಂಧನೂರಿನ ಭತ್ತದ ಮಿಲ್ಲು ತಿಂಗಳಿಗೆ ಹತ್ತು ಸಾವಿರ ಯೂನಿಟ್ ಎಳೆದರೆ 3,600 ರೂಪಾಯಿ.

ಈ ಹಣ ಹೋಗುವುದು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತರಾದ, ಆಗಲಿರುವ ಲೈನ್‌ಮನ್‌ಗಳು, ಗುಮಾಸ್ತರು, ಎಂಜಿನಿಯರುಗಳ ಪಿಂಚಣಿಗೆ. ಮಳೆಗಾಲದ ರಾತ್ರಿ ಕಂಬ ಹತ್ತಿ ತಂತಿ ಜೋಡಿಸಿದವರಿಗೆ ಅದು ನ್ಯಾಯವಾಗಿಯೇ ಸೇರಬೇಕಾದ ಹಣ, ಅದರಲ್ಲಿ ಎರಡು ಮಾತಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯದು. ಅವರು ಇಪ್ಪತ್ತು, ಮೂವತ್ತು ವರ್ಷ ಹಿಂದೆ ಮಾಡಿದ ಕೆಲಸದ ಬಾಬತ್ತು ಈಗ, ಮಸ್ಕಿಯ ಗಿರಣಿಯ ಬಿಲ್‌ಗೆ ಹೇಗೆ ಬಂತು? ಇದಕ್ಕೆ ಉತ್ತರ ಸಿಗಬೇಕಾದರೆ ಕಂಪನಿಯೊಂದು ತನ್ನ ನೌಕರರ ನಿವೃತ್ತಿ ಸೌಲಭ್ಯಗಳನ್ನು ಜಮಾ-ಖರ್ಚಿನ ಪುಸ್ತಕದಲ್ಲಿ ಯಾವಾಗ, ಎಷ್ಟು, ಹೇಗೆ ಬರೆಯುತ್ತದೆ ಎಂಬುದು ತಿಳಿದಿರಬೇಕು.

ಅದಕ್ಕೆ ಹಟ್ಟಿಗೆ ಹೋಗುವುದು ಒಳ್ಳೆಯದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನ ಅಗೆದ ಕುರುಹುಗಳಿವೆ. ನಿಜಾಮರ ಕಾಲದಲ್ಲಿ ಕಂಪನಿಗಳು ಇಲ್ಲಿ ಗಣಿ ನಡೆಸಿದವು. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದೂ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಿದ್ದು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪನಿ, 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಇಂದು ಅದು ರಾಜ್ಯ ಸರ್ಕಾರದ ಉದ್ದಿಮೆ.

ಹಟ್ಟಿ ಗಣಿಯ ಮಲ್ಲಪ್ಪ ಶಾಫ್ಟ್‌ನಲ್ಲಿ ಬೆಳಗಿನ ಪಾಳಿಗೆ ಇಳಿಯುವ ಕಾರ್ಮಿಕನನ್ನು ನೆನೆಸಿಕೊಳ್ಳಿ. ತಲೆಯ ಮೇಲೆ ದೀಪ, ಕಾಲಿಗೆ ಬೂಟು. ಪಾಳಿ ಮುಗಿಸಿ ಅವನು ಮೇಲೆ ಬರುವ ಹೊತ್ತಿಗೆ ಕಂಪನಿ ಅವನಿಗೆ ಎರಡು ಬಗೆಯ ಬಾಕಿ ಉಳಿಸಿಕೊಂಡಿರುತ್ತದೆ. ಒಂದು, ಆ ದಿನದ ಕೂಲಿ. ಅದು ತಿಂಗಳ ಕೊನೆಗೆ ಕೈಸೇರುತ್ತದೆ, ಎಲ್ಲರಿಗೂ ಕಾಣುತ್ತದೆ. ಇನ್ನೊಂದು, ಅವನು ನಿವೃತ್ತನಾಗುವ ದಿನ ಕೊಡಬೇಕಾದ ಗ್ರಾಚ್ಯುಟಿಯ ಒಂದು ಚೂರು. ಅದು ಕೈಸೇರಲು ಇಪ್ಪತ್ತು ವರ್ಷ ಬೇಕಾಗಬಹುದು. ಆದರೆ ದುಡಿದದ್ದು ಇವತ್ತು. ಹಾಗಾಗಿ ಖರ್ಚು ಬರೆಯಬೇಕಾದದ್ದೂ ಇವತ್ತಿನ ಪುಸ್ತಕದಲ್ಲೇ. ನಿವೃತ್ತಿ ಸೌಲಭ್ಯದ ಲೆಕ್ಕಶಾಸ್ತ್ರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಭಾರತದಲ್ಲಿ ಇದನ್ನು ಹೇಳುವ ನಿಯಮಗಳು ಎರಡು. ಷೇರುಪೇಟೆಯಲ್ಲಿ ಹೆಸರಿರುವ ಕಂಪನಿಗಳು ಮತ್ತು 250 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳಿಗೆ ಇಂಡ್ ಎಎಸ್ 19, ಉಳಿದವರಿಗೆ ಎಎಸ್ 15.

ಎರಡೂ ನಿಯಮಗಳು ಮೊದಲು ಕೇಳುವ ಪ್ರಶ್ನೆ ಒಂದೇ: ಮುಂದೆ ಹಣ ಸಾಲದೆ ಬಂದರೆ ತುಂಬಿಕೊಡುವವರು ಯಾರು? ಕಂಪನಿ ಪ್ರತಿ ತಿಂಗಳು ಇಂತಿಷ್ಟು ಕಟ್ಟಿ ಕೈತೊಳೆದುಕೊಳ್ಳುವುದಾದರೆ ಲೆಕ್ಕ ಸುಲಭ. ಕಟ್ಟಿದ್ದೇ ಖರ್ಚು. ಆದರೆ ಕಂಪನಿ ‘ನಿವೃತ್ತಿಯ ದಿನ ಇಷ್ಟು ಕೊಡುತ್ತೇನೆ’ ಎಂದು ಮಾತು ಕೊಟ್ಟಿದ್ದರೆ, ಅಥವಾ ಕಾನೂನೇ ಹಾಗೆ ಹೇಳಿದ್ದರೆ, ಲೆಕ್ಕ ಕಷ್ಟದ್ದು. ಮೊದಲನೆಯದಕ್ಕೆ ನಿಶ್ಚಿತ ವಂತಿಗೆ ಎಂದೂ ಎರಡನೆಯದಕ್ಕೆ ನಿಶ್ಚಿತ ಸೌಲಭ್ಯ ಎಂದೂ ಕರೆಯಬಹುದು.

ಭವಿಷ್ಯನಿಧಿ ಮೊದಲನೆಯ ಗುಂಪಿನದು. ನೌಕರನ ಸಂಬಳದಿಂದ ಶೇ 12, ಮಾಲೀಕನಿಂದ ಶೇ 12. ಮಾಲೀಕನ ಪಾಲಿನಲ್ಲಿ ಶೇ 8.33 ಭಾಗ 1995ರ ನವೆಂಬರ್ 16ರಂದು ಶುರುವಾದ ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌-95ಕ್ಕೆ ಹೋಗುತ್ತದೆ. ತಿಂಗಳ 15,000 ರೂಪಾಯಿ ವೇತನದ ಮಿತಿಯಲ್ಲಿ ಅದು ಹೆಚ್ಚೆಂದರೆ 1,250 ರೂಪಾಯಿ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಿಬಿಟ್ಟರೆ ಕಂಪನಿಯ ಹೊಣೆ ಅಲ್ಲಿಗೆ ಮುಗಿಯಿತು.

ಇಲ್ಲೊಂದು ತಪ್ಪು ತಿಳಿವಳಿಕೆ ಊರೂರಲ್ಲಿದೆ. ‘ಕಂಪನಿ ಪಿಂಚಣಿ ಕಡಿಮೆ ಕೊಟ್ಟಿತು’ ಎಂದು ನೊಂದುಕೊಳ್ಳುವವರು ಬಹಳ. ಇಪಿಎಸ್ ಪಿಂಚಣಿ ಕೊಡುವುದು ಭವಿಷ್ಯನಿಧಿ ಸಂಘಟನೆ, ಕಂಪನಿ ಅಲ್ಲ. ಅದರ ಸೂತ್ರ ಸರಳ: ಪಿಂಚಣಿಗೆ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಇಪ್ಪತ್ತು ವರ್ಷ ಸೇವೆ ದಾಟಿದವರಿಗೆ ಎರಡು ವರ್ಷ ಹೆಚ್ಚುವರಿಯಾಗಿ ಸೇರುತ್ತದೆ. 15,000 ರೂಪಾಯಿ ಮಿತಿಯಲ್ಲಿ 30 ವರ್ಷ ಪೂರ್ತಿ ಕಟ್ಟಿದವರಿಗೆ 15,000 ಗುಣಿಸು 32, ಭಾಗಿಸು 70, ಅಂದರೆ ತಿಂಗಳಿಗೆ ಸುಮಾರು 6,857 ರೂಪಾಯಿ. ಜೀವಮಾನವಿಡೀ ದುಡಿದವರಿಗೆ ಇದು ಬಹಳ ಕಡಿಮೆ. 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ ಒಂದು ಸಾವಿರ ರೂಪಾಯಿ ಎಂದಿರುವುದಂತೂ ಅನ್ಯಾಯ. ಆದರೆ ಆ ಅನ್ಯಾಯದ ದೂರು ಹೋಗಬೇಕಾದ ವಿಳಾಸ ದೆಹಲಿ. ಕಂಪನಿಯ ಪುಸ್ತಕದಲ್ಲಿ ಅದರ ಸಲುವಾಗಿ ಬಾಕಿ ಇರುವುದಿಲ್ಲ.

ಕೆಲವು ದೊಡ್ಡ ಸಂಸ್ಥೆಗಳು ಭವಿಷ್ಯನಿಧಿಯನ್ನು ತಮ್ಮದೇ ಟ್ರಸ್ಟ್‌ನಲ್ಲಿ ಇಟ್ಟುಕೊಂಡಿರುತ್ತವೆ. ಅಂಥ ಕಡೆ ಲೆಕ್ಕ ಬದಲಾಗುತ್ತದೆ. ಸರ್ಕಾರ ಘೋಷಿಸಿದ ಬಡ್ಡಿಯಷ್ಟನ್ನು ಟ್ರಸ್ಟ್ ಗಳಿಸದೆ ಹೋದರೆ ಕೊರತೆಯನ್ನು ಕಂಪನಿಯೇ ತುಂಬಬೇಕು. ಆದ್ದರಿಂದ ಹೆಸರು ಭವಿಷ್ಯನಿಧಿಯೇ ಆದರೂ ಅದು ಎರಡನೆಯ ಗುಂಪಿಗೆ ಸೇರುತ್ತದೆ.

ಈಗ ಗ್ರಾಚ್ಯುಟಿಗೆ ಬರೋಣ. ಕಂಪನಿಯ ಲೆಕ್ಕಿಗನಿಗೂ ಕಾರ್ಮಿಕನಿಗೂ ನಿಜವಾದ ಕೆಲಸವಿರುವುದು ಇಲ್ಲಿ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಸೂತ್ರ. 1972ರ ಕಾಯ್ದೆ ಹಾಕಿಕೊಟ್ಟ ಈ ಸೂತ್ರವನ್ನೇ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದರೆ ಅದನ್ನು ಪೂರ್ತಿ ವರ್ಷವೆಂದೇ ಹಿಡಿಯಬೇಕು. ಕಾನೂನಿನ ಗರಿಷ್ಠ ಮಿತಿ 20 ಲಕ್ಷ ರೂಪಾಯಿ. ಕಾಯಂ ನೌಕರರಿಗೆ ಐದು ವರ್ಷ ಸೇವೆ ಆಗಿರಬೇಕು. ಸಾವು ಅಥವಾ ಅಂಗವೈಕಲ್ಯ ಬಂದಾಗ ಮಾತ್ರ ಆ ಷರತ್ತಿಲ್ಲ. ಗಣಿಯಂಥ ಅಪಾಯದ ಕಸುಬಿನವರ ಮನೆಯವರು ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು.

ಉದಾಹರಣೆಗೆ ಒಬ್ಬ ಕಾರ್ಮಿಕನ ವೇತನ ಈಗ 26,000 ರೂಪಾಯಿ, ಸೇವೆ ಹತ್ತು ವರ್ಷ, ನಿವೃತ್ತಿಗೆ ಇನ್ನೂ ಹತ್ತು ವರ್ಷ ಬಾಕಿ ಎಂದುಕೊಳ್ಳಿ. ಇವತ್ತೇ ಕೆಲಸ ಬಿಟ್ಟರೆ ಅವನಿಗೆ ಸಲ್ಲಬೇಕಾದದ್ದು 1,50,000 ರೂಪಾಯಿ. ಹಾಗಾದರೆ ಕಂಪನಿ ಅಷ್ಟನ್ನೇ ಬಾಕಿ ಎಂದು ಬರೆದುಕೊಂಡರೆ ಸಾಕೆ? ಸಾಲದು. ಅವನು ಇವತ್ತು ಕೆಲಸ ಬಿಡುವುದಿಲ್ಲ. ಹತ್ತು ವರ್ಷದ ನಂತರ ಬಿಡುತ್ತಾನೆ. ಆಗ ಈಗಾಗಲೇ ಸಲ್ಲಿಸಿರುವ ಹತ್ತು ವರ್ಷಗಳ ಸೇವೆಗೂ ಅವತ್ತಿನ ದೊಡ್ಡ ಸಂಬಳದ ಲೆಕ್ಕದಲ್ಲೇ ಗ್ರಾಚ್ಯುಟಿ ಕೊಡಬೇಕಾಗುತ್ತದೆ.

ಸಂಬಳ ವರ್ಷಕ್ಕೆ ಶೇ 8ರಂತೆ ಏರಿದರೆ ಹತ್ತು ವರ್ಷಕ್ಕೆ ಅದು ಸುಮಾರು 56,132 ರೂಪಾಯಿ ಆಗುತ್ತದೆ. ಅದರ ಮೇಲೆ, ಈವರೆಗಿನ ಹತ್ತು ವರ್ಷದ ಸೇವೆಗೆ ಗ್ರಾಚ್ಯುಟಿ ಸುಮಾರು 3,23,840 ರೂಪಾಯಿ. ಇದು ಹತ್ತು ವರ್ಷದ ನಂತರದ ಹಣ. ಶೇ 7ರ ಬಡ್ಡಿಯಲ್ಲಿ ಇವತ್ತು ಎಷ್ಟಿಟ್ಟರೆ ಅಂದಿಗೆ ಅಷ್ಟಾಗುತ್ತದೆ ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ 1,64,623 ರೂಪಾಯಿ. ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆ ಎಂದು ಕಾಣಿಸಬೇಕಾದದ್ದು ಈ ಮೊತ್ತ.

ಒಂದು ವರ್ಷ ಕಳೆಯಲಿ. ಹಳೆಯ ಹೊಣೆಯ ಮೇಲೆ ಶೇ 7ರಂತೆ 11,524 ರೂಪಾಯಿ ಬಡ್ಡಿ ಬೆಳೆಯುತ್ತದೆ. ಆ ವರ್ಷ ಅವನು ದುಡಿದದ್ದಕ್ಕೆ ಹೊಸದಾಗಿ 17,615 ರೂಪಾಯಿ ಸೇರುತ್ತದೆ. ಎರಡೂ ಕೂಡಿ 29,139 ರೂಪಾಯಿ ಆ ವರ್ಷದ ಖರ್ಚು, ವರ್ಷದ ಕೊನೆಗೆ ಹೊಣೆ 1,93,762 ರೂಪಾಯಿ. ಒಂದು ಪೈಸೆಯೂ ಕೈ ಬದಲಾಗಿಲ್ಲ. ಆದರೂ ಲಾಭದಲ್ಲಿ ಅಷ್ಟು ಕಡಿಮೆಯಾಗಲೇಬೇಕು. ಯಾಕೆಂದರೆ ಆ ಲಾಭ ಬರುವುದಕ್ಕೆ ಆ ವರ್ಷದ ದುಡಿಮೆಯೇ ಕಾರಣ.

ಸಾವಿರಾರು ಕಾರ್ಮಿಕರಿರುವ ಕಡೆ ಇದನ್ನು ಒಬ್ಬೊಬ್ಬರಿಗೂ ಮಾಡಬೇಕು. ಯಾರು ನಡುವೆ ಬಿಟ್ಟು ಹೋಗುತ್ತಾರೆ, ಎಷ್ಟು ಮಂದಿ ನಿವೃತ್ತಿಗೆ ಮುಂಚೆ ತೀರಿಕೊಳ್ಳಬಹುದು, ತುಟ್ಟಿಭತ್ಯೆ ಎಷ್ಟು ಏರಬಹುದು ಎಂಬುದನ್ನೆಲ್ಲ ಅಂದಾಜು ಮಾಡಬೇಕು. ಈ ಕೆಲಸಕ್ಕೆಂದೇ ಕಲಿತವರು ಆಕ್ಚುಯರಿಗಳು. ವಿಮಾ ಕಂಪನಿಗಳಲ್ಲಿ ಪ್ರೀಮಿಯಂ ಲೆಕ್ಕ ಹಾಕುವವರೂ ಅವರೇ. ಪ್ರತಿ ಮಾರ್ಚ್ 31ಕ್ಕೆ ಅವರ ವರದಿ ಬರುತ್ತದೆ, ಲೆಕ್ಕಿಗ ಅದನ್ನು ಪುಸ್ತಕಕ್ಕೆ ಏರಿಸುತ್ತಾನೆ.

ಎಚ್ಚರ ಬೇಕಾದ ಜಾಗವೂ ಇದೇ. ಮೇಲಿನ ಉದಾಹರಣೆಯಲ್ಲಿ ಬಡ್ಡಿ ದರವನ್ನು ಶೇ 7ರ ಬದಲು ಶೇ 6 ಎಂದು ಹಿಡಿದರೆ 1,64,623 ರೂಪಾಯಿಯ ಹೊಣೆ 1,80,830ಕ್ಕೆ ಏರುತ್ತದೆ. ಕಾರ್ಮಿಕ ಅವನೇ, ಸಂಬಳ ಅದೇ, ಸೂತ್ರವೂ ಅದೇ. ಒಂದು ಅಂಕಿ ಬದಲಾದದ್ದಕ್ಕೆ ಸುಮಾರು ಶೇ 10ರಷ್ಟು ವ್ಯತ್ಯಾಸ. ಲಾಭ ಹೆಚ್ಚು ತೋರಿಸುವ ಆಸೆಯಿರುವ ಆಡಳಿತ ಮಂಡಳಿಗೆ ಬಡ್ಡಿ ದರವನ್ನು ಏರಿಸಿ, ಸಂಬಳದ ಏರಿಕೆಯನ್ನು ಇಳಿಸಿ ಹಿಡಿಯುವ ಆಮಿಷ ಇದ್ದೇ ಇರುತ್ತದೆ. ಅದಕ್ಕೇ ಭಾರತದ ನಿಯಮಗಳು ಈ ದರವನ್ನು ಕಂಪನಿಯ ಇಷ್ಟಕ್ಕೆ ಬಿಟ್ಟಿಲ್ಲ. ಆ ದಿನದ ಸರ್ಕಾರಿ ಸಾಲಪತ್ರಗಳ ಆದಾಯದ ದರವನ್ನೇ ಹಿಡಿಯಬೇಕು. ಸಂಬಳ ಏರಿಕೆಯ ಅಂದಾಜು ಮಾತ್ರ ಕಂಪನಿಯದು. ಕಳೆದ ಮೂರು ವೇತನ ಒಪ್ಪಂದಗಳಲ್ಲಿ ಶೇ 9ರಷ್ಟು ಏರಿಕೆ ಕೊಟ್ಟ ಸಂಸ್ಥೆ ಲೆಕ್ಕದಲ್ಲಿ ಶೇ 5 ಎಂದು ಬರೆದಿದ್ದರೆ ಕಾರ್ಮಿಕ ಸಂಘ ಎದ್ದು ಕೇಳಬೇಕು.

ಅಂದಾಜು ಮತ್ತು ನಿಜದ ನಡುವೆ ಪ್ರತಿ ವರ್ಷ ಅಂತರ ಬಂದೇ ಬರುತ್ತದೆ. ಎಎಸ್ 15ರಲ್ಲಿ ಆ ಅಂತರ ನೇರವಾಗಿ ಲಾಭ-ನಷ್ಟಕ್ಕೆ ಹೋಗುತ್ತದೆ. ಇಂಡ್ ಎಎಸ್ 19ರಲ್ಲಿ ಅದು ‘ಇತರ ಸಮಗ್ರ ಆದಾಯ’ ಎಂಬ ಬೇರೆ ಸಾಲಿಗೆ ಹೋಗುತ್ತದೆ, ಮುಂದೆಂದೂ ಲಾಭದ ಸಾಲಿಗೆ ಮರಳುವುದಿಲ್ಲ. ಆದ್ದರಿಂದ ದೊಡ್ಡ ಕಂಪನಿಯ ವರದಿ ಓದುವಾಗ ಲಾಭದ ಸಾಲಿಗೇ ನಿಲ್ಲದೆ ಅದರ ಕೆಳಗಿನ ಸಾಲನ್ನೂ ಓದಬೇಕು. ಉಳಿಸಿಟ್ಟ ರಜೆಯ ನಗದೀಕರಣಕ್ಕೂ ಇದೇ ಬಗೆಯ ಅಂದಾಜು ಬೇಕು. ನಿವೃತ್ತರಿಗೆ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಎಂದು ಯಾವ ಕಂಪನಿ ಮಾತು ಕೊಟ್ಟಿದ್ದರೂ ಅದೂ ಹೊಣೆಯೇ. ಔಷಧದ ಬೆಲೆ ಏರುವುದನ್ನೂ ನಿವೃತ್ತರು ಎಷ್ಟು ವರ್ಷ ಬಾಳುತ್ತಾರೆ ಎಂಬುದನ್ನೂ ಅಲ್ಲಿ ಅಂದಾಜು ಮಾಡಬೇಕಾಗುತ್ತದೆ.

ಕಾನೂನು ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ತಾಜಾ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಿನ ಭಾಗವನ್ನು ‘ವೇತನ’ವೆಂದೇ ಹಿಡಿಯಬೇಕು. ಮೂಲ ವೇತನವನ್ನು ಕಡಿಮೆ ಇಟ್ಟು ಭತ್ಯೆಗಳಲ್ಲಿ ಸಂಬಳ ಕೊಡುತ್ತಿದ್ದ ಕಡೆ ಗ್ರಾಚ್ಯುಟಿಯ ಹೊಣೆ ಒಂದೇ ದಿನದಲ್ಲಿ ಏರಿತು, ಅದೂ ಹಿಂದಿನ ವರ್ಷಗಳ ಸೇವೆಗೆ ಸೇರಿಸಿ. ಇನ್ಫೊಸಿಸ್ 2025ರ ಡಿಸೆಂಬರ್‌ಗೆ ಕೊನೆಗೊಂಡ ತ್ರೈಮಾಸಿಕದಲ್ಲಿ ಹೊಸ ಸಂಹಿತೆಗಳಿಂದಾದ ಹೊರೆಗೆ 1,289 ಕೋಟಿ ರೂಪಾಯಿ ಬರೆದುಕೊಂಡಿತು. ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಕೊಟ್ಟಿದೆ. ಒಪ್ಪಂದದ ಮೇಲೆ ದುಡಿಯುವ ತಂತ್ರಜ್ಞರಿಗೂ ಚಾಲಕರಿಗೂ ಇದು ದೊಡ್ಡ ಬದಲಾವಣೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ಪುಸ್ತಕದಲ್ಲಿ ಹೊಣೆ ಬರೆಯುವುದು ಬೇರೆ, ಅದಕ್ಕೆ ಹಣ ತೆಗೆದಿಡುವುದು ಬೇರೆ. ನೂರು ಕೋಟಿ ಗ್ರಾಚ್ಯುಟಿ ಬಾಕಿ ಎಂದು ಪ್ರಾಮಾಣಿಕವಾಗಿ ಬರೆದುಕೊಂಡ ಕಂಪನಿಯ ಬ್ಯಾಂಕ್ ಖಾತೆಯಲ್ಲಿ ಆ ಸಲುವಾಗಿ ಒಂದು ರೂಪಾಯಿಯೂ ಇಲ್ಲದಿರಬಹುದು. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಅಲ್ಲಿನ ಕಾರ್ಮಿಕರು ತಮ್ಮ ಬಾಕಿಗಾಗಿ ವರ್ಷಗಟ್ಟಲೆ ಅಲೆದರು. ಹಟ್ಟಿಯ ಕಾರ್ಮಿಕ ಕುಟುಂಬಗಳಿಗೆ ಆ ಕಥೆ ಹೊಸದಲ್ಲ.

ಹಣ ಬೇರೆ ಇಡುವ ದಾರಿ ಎಂದರೆ ಟ್ರಸ್ಟ್ ಮಾಡುವುದು, ಇಲ್ಲವೇ ಎಲ್‌ಐಸಿಯಂಥ ವಿಮಾ ಸಂಸ್ಥೆಯಲ್ಲಿ ಗುಂಪು ಗ್ರಾಚ್ಯುಟಿ ಪಾಲಿಸಿ ಕೊಳ್ಳುವುದು. ಹಾಗೆ ಇಟ್ಟ ಹಣವನ್ನು ಹೊಣೆಯಿಂದ ಕಳೆದು ಉಳಿದದ್ದನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುತ್ತಾರೆ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ಹೊರಡಿಸಿ, ಹಳೆಯ ಸಂಸ್ಥೆಗಳು 60 ದಿನದಲ್ಲಿ, ಹೊಸವು 30 ದಿನದಲ್ಲಿ ವಿಮೆ ಮಾಡಿಸಬೇಕೆಂದು ಹೇಳಿತು. ಕಾರ್ಮಿಕರ ಪರವಾಗಿ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಮಾಲೀಕ ಮುಳುಗಿದರೂ ಕಾರ್ಮಿಕನ ಹಣ ತೇಲಬೇಕು.

ಬೇರೆ ಇಡದಿದ್ದರೆ ಏನಾಗುತ್ತದೆ? ನಮ್ಮ ಬಸ್ಸುಗಳನ್ನೇ ನೋಡಿ. 2025ರ ಹೊಸ ವರ್ಷದ ಹೊತ್ತಿಗೆ, ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವೂ ಸೇರಿ ನಾಲ್ಕು ಸಾರಿಗೆ ನಿಗಮಗಳು ಭವಿಷ್ಯನಿಧಿ ಮತ್ತು ಡೀಸೆಲ್ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತುವುದಕ್ಕೆ ರಾಜ್ಯ ಸರ್ಕಾರ ಒಪ್ಪಿಗೆ ಕೊಡಬೇಕಾಯಿತು. ಚಾಲಕ-ನಿರ್ವಾಹಕರ ಸಂಬಳಕ್ಕೆ ಸೇರಿದ ಭವಿಷ್ಯನಿಧಿ ಹಣ ಡೀಸೆಲ್ ಬಾಕಿಯ ಜತೆಗೆ ಒಂದೇ ಪಟ್ಟಿಯಲ್ಲಿ ನಿಲ್ಲುವುದು ನೋವಿನ ಸಂಗತಿ.

ಗ್ರಾಮೀಣ ಬ್ಯಾಂಕುಗಳದು ಇನ್ನೊಂದು ಪಾಠ. ಬಳ್ಳಾರಿಯನ್ನು ಕೇಂದ್ರವಾಗಿ ಇಟ್ಟುಕೊಂಡ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಮುಂದೆ ಪ್ರಗತಿ ಕೃಷ್ಣ ಆಯಿತು, ಆಮೇಲೆ ಬೇರೆ ಬ್ಯಾಂಕುಗಳ ಜತೆ ಬೆರೆಯಿತು. ಈ ಭಾಗದ ರೈತರಿಗೆ ಆ ಹೆಸರುಗಳು ಪರಿಚಿತ. ಗ್ರಾಮೀಣ ಬ್ಯಾಂಕ್ ನೌಕರರು ದೊಡ್ಡ ಬ್ಯಾಂಕಿನವರಿಗೆ ಸಮನಾದ ಪಿಂಚಣಿಗೆ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆವರೆಗೆ ಆ ಪಿಂಚಣಿಗೆಂದು ಸಾಕಷ್ಟು ತೆಗೆದಿಟ್ಟಿರಲಿಲ್ಲ. ಹಳೆಯ ಸೇವೆಯ ಹೊರೆಯೆಲ್ಲ ಕೆಲವೇ ವರ್ಷಗಳ ಲೆಕ್ಕದ ಮೇಲೆ ಬಿತ್ತು. ದೇಶದ ಗ್ರಾಮೀಣ ಬ್ಯಾಂಕುಗಳೆಲ್ಲ ಸೇರಿ 2019-20ರಲ್ಲಿ 2,208 ಕೋಟಿ ರೂಪಾಯಿ ನಷ್ಟ ತೋರಿಸಿದವು. ಪಿಂಚಣಿಯ ಹೊರೆಯೇ ಅದಕ್ಕೆ ಮುಖ್ಯ ಕಾರಣ.

ಮಸ್ಕಿಯ ಬಿಲ್‌ನ ಗುಟ್ಟೂ ಇದೇ ದಾರಿಯಲ್ಲಿದೆ. 1957ರ ವಿದ್ಯುತ್ ಮಂಡಳಿಯ ಕಾಲದಲ್ಲಿ ಆಯಾ ವರ್ಷದ ಪಿಂಚಣಿಯನ್ನು ಆಯಾ ವರ್ಷದ ವರಮಾನದಿಂದ ಕೊಡುತ್ತಿದ್ದರು. 1999ರಲ್ಲಿ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಬಂತು, 2002ರಲ್ಲಿ ಜೆಸ್ಕಾಂ ಸೇರಿ ವಿದ್ಯುತ್ ಪೂರೈಸುವ ಎಸ್ಕಾಂಗಳು ಹುಟ್ಟಿದವು. ಪಿಂಚಣಿ ಮತ್ತು ಗ್ರಾಚ್ಯುಟಿಗೆ ಪ್ರತ್ಯೇಕ ಟ್ರಸ್ಟ್ ಆಯಿತು. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಹೋದರು, ಅವರದು ಕಟ್ಟಿ ಮುಗಿಸುವ ಲೆಕ್ಕ. ಅದಕ್ಕೂ ಮೊದಲು ಸೇರಿದವರಿಗೆ ಕೊಟ್ಟ ಮಾತು ಮಾತಾಗಿಯೇ ಉಳಿಯಿತು. ಅವರ ಹಳೆಯ ಸೇವೆಯ ಹೊರೆಯಲ್ಲಿ ಸರ್ಕಾರ ಹೊರಬೇಕಿದ್ದ ಪಾಲನ್ನೇ 2025ರ ಆದೇಶ ಬಳಕೆದಾರರ ಬಿಲ್‌ಗೆ ತಂದಿತು. ಮಂಡಳಿಯ ದಿನಗಳಲ್ಲಿ ಕರೆಂಟ್ ಉರಿಸಿದವರು ಒಂದು ಪೀಳಿಗೆ, ಆ ದಿನಗಳ ಪಿಂಚಣಿ ಕಟ್ಟುತ್ತಿರುವವರು ಇನ್ನೊಂದು ಪೀಳಿಗೆ.

ಇನ್ನು ಸಿಂಧನೂರಿನ ಮಿಲ್ಲುಗಳಿಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತ ಇಲ್ಲಿನ ಅಕ್ಕಿ ಗಿರಣಿಗಳಿಗೆ ಬರುತ್ತದೆ. ಆಕ್ಚುಯರಿ, ಇಂಡ್ ಎಎಸ್ ಎಂಬ ಮಾತುಗಳು ಮಿಲ್ ಮಾಲೀಕರ ಕಿವಿಗೆ ದೂರದವು ಅನ್ನಿಸಬಹುದು. ಆದರೆ ಹತ್ತು ಮಂದಿ ಕೆಲಸಗಾರರಿದ್ದರೆ ಗ್ರಾಚ್ಯುಟಿ ಕಾನೂನು ತಾಗುತ್ತದೆ, ಇಪ್ಪತ್ತು ಮಂದಿಯಾದರೆ ಭವಿಷ್ಯನಿಧಿ. 50ಕ್ಕಿಂತ ಕಡಿಮೆ ಜನರಿರುವ ಸಣ್ಣ ಸಂಸ್ಥೆಗೆ ಎಎಸ್ 15 ದೊಡ್ಡ ರಿಯಾಯಿತಿ ಕೊಟ್ಟಿದೆ. ಆಕ್ಚುಯರಿ ಬೇಕಿಲ್ಲ. ಎಲ್ಲರೂ ಈ ಮಾರ್ಚ್ 31ಕ್ಕೇ ಕೆಲಸ ಬಿಟ್ಟರೆ ಎಷ್ಟು ಕೊಡಬೇಕಾಗುತ್ತದೆ ಎಂದು ಕೂಡಿಸಿ ಬರೆದರೂ ಸಾಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದಾದ ಕೆಲಸ ಅದು. ಹೆಸರು, ಸೇರಿದ ದಿನ, ಈಗಿನ ವೇತನ: ಮೂರೇ ಕಾಲಂ.

ವರ್ಷವಿಡೀ ನಡೆಯದ, ಹಂಗಾಮಿನಲ್ಲಿ ಮಾತ್ರ ಓಡುವ ಘಟಕವಾದರೆ ಹಂಗಾಮಿನ ಕೆಲಸಗಾರರಿಗೆ ಪ್ರತಿ ಹಂಗಾಮಿಗೆ ಏಳು ದಿನದ ಕೂಲಿಯಂತೆ ಲೆಕ್ಕ. ಚೀಲಕ್ಕಿಷ್ಟು ಎಂದು ದುಡಿಯುವವರಿಗೆ ಕೆಲಸ ಬಿಡುವ ಮುಂಚಿನ ಮೂರು ತಿಂಗಳ ಗಳಿಕೆಯ ಸರಾಸರಿಯನ್ನು ವೇತನವೆಂದು ಹಿಡಿಯಬೇಕು. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರರ ಭವಿಷ್ಯನಿಧಿಗೆ ಗುತ್ತಿಗೆದಾರ ಕಟ್ಟದಿದ್ದರೆ ಮಿಲ್ ಮಾಲೀಕನೇ ಹೊಣೆ. ‘ಅವರು ನಮ್ಮವರಲ್ಲ, ಮೇಸ್ತ್ರಿಯ ಕಡೆಯವರು’ ಎಂಬ ಮಾತು ಕಾನೂನಿನ ಮುಂದೆ ನಿಲ್ಲದು.

ತೆರಿಗೆಯ ದೃಷ್ಟಿಯಿಂದಲೂ ಮಾಲೀಕರಿಗೆ ಇದರಲ್ಲಿ ಲಾಭ-ನಷ್ಟವಿದೆ. ಪುಸ್ತಕದಲ್ಲಿ ಗ್ರಾಚ್ಯುಟಿ ಬಾಕಿ ಎಂದು ಬರೆದರಷ್ಟೇ ಆದಾಯ ತೆರಿಗೆಯಲ್ಲಿ ಖರ್ಚೆಂದು ಒಪ್ಪುವುದಿಲ್ಲ. ಮಾನ್ಯತೆ ಪಡೆದ ಗ್ರಾಚ್ಯುಟಿ ನಿಧಿಗೆ ಕಟ್ಟಿದರೆ, ಇಲ್ಲವೇ ನಿಜವಾಗಿ ಕೊಟ್ಟಾಗ ಮಾತ್ರ ಒಪ್ಪುತ್ತಾರೆ. ನೌಕರರ ಸಂಬಳದಿಂದ ಹಿಡಿದ ಭವಿಷ್ಯನಿಧಿ ಹಣವನ್ನು 15ರ ಗಡುವು ದಾಟಿ ಕಟ್ಟಿದರಂತೂ ಆಗಿನ ಕಾನೂನಿನಡಿ ಆ ಹಣಕ್ಕೆ ತೆರಿಗೆ ರಿಯಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಖಡಾಖಂಡಿತವಾಗಿ ಹೇಳಿತ್ತು. ತಡಕ್ಕೆ ವರ್ಷಕ್ಕೆ ಶೇ 12 ಬಡ್ಡಿಯೂ ಬೀಳುತ್ತದೆ. ಬೇರೆಯವರ ಹಣ ಇಟ್ಟುಕೊಂಡದ್ದಕ್ಕೆ ಅಷ್ಟು ದಂಡ ತಕ್ಕುದೇ.

ಹತ್ತು ಮಂದಿಯೂ ಇಲ್ಲದ ಕಡೆ ಮೂಟೆ ಹೊರುವ ಹಮಾಲರ ಹೆಸರು ಈ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಅಂಥವರಿಗೆ ಉಳಿದಿರುವುದು ತಾವೇ ಕಟ್ಟಿಕೊಳ್ಳುವ ದಾರಿ. 18ರಿಂದ 40 ವರ್ಷದೊಳಗೆ ಸೇರಿದರೆ ಅಟಲ್ ಪಿಂಚಣಿ ಯೋಜನೆಯಲ್ಲಿ 60ರ ನಂತರ ತಿಂಗಳಿಗೆ ಒಂದರಿಂದ ಐದು ಸಾವಿರ ರೂಪಾಯಿ. ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60ರ ನಂತರ 3,000 ರೂಪಾಯಿ, ಕಾರ್ಮಿಕ ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಕಟ್ಟುತ್ತದೆ. ನಲವತ್ತು ದಾಟಿದವರಿಗೆ ಎರಡರ ಬಾಗಿಲೂ ಮುಚ್ಚಿರುತ್ತದೆ. ಬೆನ್ನು ಬಾಗುವವರೆಗೆ ದುಡಿದವರನ್ನು ಹೀಗೆ ಹೊರಗಿಟ್ಟಿರುವುದು ಸರಿಯಲ್ಲ.

ಕಂಪನಿಯ ವಾರ್ಷಿಕ ವರದಿ ಕೈಗೆ ಸಿಕ್ಕರೆ ಕಾರ್ಮಿಕರು, ಸಂಘದ ಮುಖಂಡರು ತೆರೆಯಬೇಕಾದದ್ದು ಕೊನೆಯ ಟಿಪ್ಪಣಿಗಳನ್ನು. ‘ನೌಕರರ ಸೌಲಭ್ಯಗಳು’ ಎಂಬ ತಲೆಬರಹದ ಟಿಪ್ಪಣಿಯಲ್ಲಿ ಮೊದಲು ಒಟ್ಟು ಹೊಣೆ ಎಷ್ಟು, ಅದರ ಎದುರು ನಿಧಿಯಲ್ಲಿರುವ ಹಣ ಎಷ್ಟು ನೋಡಿ. ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಕಾರಣ ಕೇಳಿ. ಆಮೇಲೆ ಬಡ್ಡಿ ದರ ಮತ್ತು ಸಂಬಳ ಏರಿಕೆಯ ಅಂದಾಜನ್ನು ಹಿಂದಿನ ವರ್ಷದ ಜತೆ ಹೋಲಿಸಿ. ಹಟ್ಟಿಯಂಥ ಸರ್ಕಾರಿ ಕಂಪನಿಯಾದರೆ ಮಹಾಲೇಖಪಾಲರ ಟೀಕೆ-ಟಿಪ್ಪಣಿಗಳೂ ವರದಿಯ ಜತೆಗಿರುತ್ತವೆ, ಆ ವರದಿ ವಿಧಾನಮಂಡಲದ ಮುಂದೆ ಹೋಗಬೇಕು. ಕೇಳುವುದಕ್ಕೆ ಶಾಸಕರ ಮೂಲಕವೂ ದಾರಿಯಿದೆ ಎಂದಾಯಿತು.

ವರದಿ ಓದಲು ಬಾರದವರಿಗೂ ಮಾಡಲು ಕೆಲಸವಿದೆ. ಭವಿಷ್ಯನಿಧಿ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಹಾಕಿ ಪಾಸ್‌ಬುಕ್ ತೆರೆದು ಪ್ರತಿ ತಿಂಗಳ ಸಾಲು ತುಂಬಿದೆಯೇ, ಪಿಂಚಣಿ ಕಾಲಂನಲ್ಲಿ ಮೊತ್ತ ಇದೆಯೇ ನೋಡಿಕೊಳ್ಳಬೇಕು. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಕಂಪನಿಯ ದಾಖಲೆಗೆ ಹೊಂದುತ್ತಿದೆಯೇ ಎಂಬುದನ್ನು ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು, ನಿವೃತ್ತಿಯ ನಂತರ ಅದಕ್ಕೆ ಓಡಾಟ ಹೆಚ್ಚು. ಗ್ರಾಚ್ಯುಟಿಗೆ ನಾಮಿನಿ ಫಾರಂ ತುಂಬಿ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಬೇಕು. ಸಂಬಳ ಚೀಟಿಗಳನ್ನು, ನೇಮಕಾತಿ ಪತ್ರವನ್ನು ಎಸೆಯಬಾರದು. ಕೆಲಸ ಬಿಟ್ಟ 30 ದಿನದೊಳಗೆ ಗ್ರಾಚ್ಯುಟಿ ಕೊಡಬೇಕೆಂಬುದು ಕಾನೂನು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಆ ದಿನ ದಾಟಿದರೆ ಮಾಲೀಕರ ಮುಂದೆ ಕೈಮುಗಿದು ನಿಲ್ಲುವುದು ಬೇಡ, ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಅರ್ಜಿ ಕೊಡಿ.